ಪುಸ್ತಕದ ಬದನೆಕಾಯಿ ಮತ್ತು ಚೆಸ್ ಎಂಜಿನ್

(ಚೆಸ್ ಆಡುವವರೂ ಪ್ರೋಗ್ರಾಮ್ ಬರೆಯುವವರೂ ಬೆರೆತಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಅಲ್ಲಿ ಕಾಯಿ ಜರುಗಿಸಿ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಬೇಕಾಗಿದೆ. ಪಕ್ಕದಲ್ಲಿ ಬೋರ್ಡ್ ಇದ್ದರೆ ಹರಡಿಕೊಂಡು ಓದಿ.)

ನಾನು ಬರೆದ ಪುಟ್ಟ ಚೆಸ್ ಪ್ರೋಗ್ರಾಮಿಗೆ (ಇಂಥವನ್ನೇ ಎಂಜಿನ್ ಎನ್ನುವುದು) ಮೊದಲ ಸಲ ಓಪನಿಂಗ್ ಬುಕ್, ಅಂದರೆ ಆಟದ ಆರಂಭದ ನಡೆಗಳ ಸಿದ್ಧ ಪಟ್ಟಿ, ಜೋಡಿಸಿದಾಗ ಅದು ವಿಚಿತ್ರವಾಗಿ ಆಡತೊಡಗಿತು. ಒಂದು ನಡೆ ಪಂಡಿತನಂತೆ, ಇನ್ನೊಂದು ನಡೆ ಪಾಮರನಂತೆ. ನಾನು ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿದರೆ ಅದಕ್ಕೆ ಏನೂ ನೆನಪಿಲ್ಲ, ಸ್ವಂತ ಲೆಕ್ಕ ಹಾಕುತ್ತಾ ಕೂರುತ್ತದೆ. ಕುದುರೆ ಹೊರಗೆ ತಂದರೆ ಥಟ್ಟನೆ ಪುಸ್ತಕ ನೆನಪಾಗುತ್ತದೆ. ಮತ್ತೆ ಕಾಲಾಳು ಎರಡು ಮನೆ, ಮತ್ತೆ ಮರೆವು. ಎರಡು ಸಂಜೆ ತಲೆ ಕೆರೆದುಕೊಂಡ ಮೇಲೆ ವಿಷಯ ಹೊಳೆಯಿತು. ಎಡವಟ್ಟು ಎನ್ ಪಾಸಾಂ ನಿಯಮದಲ್ಲಿತ್ತು: ಎರಡು ಮನೆ ಹಾರಿ ಪಕ್ಕಕ್ಕೆ ಬಂದು ನಿಂತ ಕಾಲಾಳನ್ನು, ಅದು ಒಂದೇ ಮನೆ ನಡೆದಿದ್ದರೆ ಹೇಗೋ ಹಾಗೆ, ಎದುರಾಳಿಯ ಕಾಲಾಳು ಮರುನಡೆಯಲ್ಲೇ ಹೊಡೆಯಬಹುದು ಎಂಬ ನಿಯಮ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಯಂತ್ರ ‘ಪುಸ್ತಕ ಓದುವುದು’ ಎಂದರೇನು ಎಂಬುದು ಇದರಲ್ಲೇ ಇದೆ. ನಾವು ಓಪನಿಂಗನ್ನು ನಡೆಗಳ ಸರಮಾಲೆಯಾಗಿ ಕಲಿಯುತ್ತೇವೆ: ಇವನು ಹೀಗೆ ಆಡಿದರೆ ನಾನು ಹಾಗೆ, ಆಮೇಲೆ ಅವನು ಹೀಗೆ. ಯಂತ್ರಕ್ಕೆ ಅದು ಅನನುಕೂಲ. ಒಂದೇ ಸ್ಥಿತಿಗೆ ಹತ್ತು ದಾರಿಗಳಿಂದ ಬರಬಹುದು. ಬಿಳಿಯವನು ಮೊದಲು ಡಿ4, ಆಮೇಲೆ ಸಿ4, ಆಮೇಲೆ ಕುದುರೆ ಸಿ3 ಆಡಬಹುದು (ಅಕ್ಷರ ಉದ್ದಸಾಲಿಗೆ, ಅಂಕಿ ಅಡ್ಡಸಾಲಿಗೆ; ಕಾಯಿಯ ಹೆಸರಿಲ್ಲದಿದ್ದರೆ ಅದು ಕಾಲಾಳಿನ ನಡೆ). ಅಥವಾ ಸಿ4, ಕುದುರೆ ಸಿ3, ಕೊನೆಗೆ ಡಿ4 ಆಡಬಹುದು. ಎದುರಿನವನು ಎರಡೂ ಸಲ ಕುದುರೆ ಎಫ್6, ಕಾಲಾಳು ಇ6 ಆಡಿದರೆ ಬೋರ್ಡ್ ಒಂದೇ. ಹಾಗಾಗಿ ಪುಸ್ತಕದಲ್ಲಿ ದಾರಿ ಬರೆದಿಡುವುದಿಲ್ಲ, ಸ್ಥಿತಿಯನ್ನೇ ಬರೆದಿಡುತ್ತಾರೆ. ಪ್ರತಿ ಸ್ಥಿತಿಗೂ ಒಂದು ದೊಡ್ಡ ಸಂಖ್ಯೆ. ಆ ಸಂಖ್ಯೆ ಕಟ್ಟುವ ಉಪಾಯವನ್ನು 1970ರಲ್ಲಿ ಆಲ್ಬರ್ಟ್ ಝೊಬ್ರಿಸ್ಟ್ ಹೇಳಿಕೊಟ್ಟರು: ಯಾವ ಕಾಯಿ ಯಾವ ಮನೆಯಲ್ಲಿ ಎಂಬುದಕ್ಕೆ ಒಂದೊಂದು ಯಾದೃಚ್ಛಿಕ ಸಂಖ್ಯೆ ಇಟ್ಟುಕೊಂಡು, ಬೋರ್ಡಿನ ಮೇಲೆ ಇರುವವನ್ನೆಲ್ಲ ಬೆರೆಸಿಬಿಡುವುದು.

ಫಾಬಿಯನ್ ಲೆಟುಝೆ ರೂಪಿಸಿದ ಪಾಲಿಗ್ಲಾಟ್ ಎಂಬ ಬುಕ್ ಫಾರ್ಮ್ಯಾಟ್ ಬಹಳ ಕಡೆ ಬಳಕೆಯಲ್ಲಿದೆ. ಅದರಲ್ಲಿ ಇಂಥ 781 ಸಂಖ್ಯೆಗಳು. ಹನ್ನೆರಡು ಬಗೆಯ ಕಾಯಿ, 64 ಮನೆ, ಒಟ್ಟು 768. ಕ್ಯಾಸ್ಲಿಂಗ್ (ರಾಜ ಮತ್ತು ಆನೆಯನ್ನು ಒಂದೇ ನಡೆಯಲ್ಲಿ ಜರುಗಿಸುವುದು) ಹಕ್ಕಿಗೆ ನಾಲ್ಕು, ಎನ್ ಪಾಸಾಂಗೆ ಎಂಟು, ಯಾರ ಸರದಿ ಎನ್ನುವುದಕ್ಕೆ ಒಂದು. ಪ್ರತಿ ದಾಖಲೆಗೂ ಹದಿನಾರೇ ಬೈಟ್: ಎಂಟರಲ್ಲಿ ಸ್ಥಿತಿಯ ಸಂಖ್ಯೆ, ಎರಡರಲ್ಲಿ ನಡೆ, ಎರಡರಲ್ಲಿ ಆ ನಡೆಯ ತೂಕ, ಉಳಿದ ನಾಲ್ಕು ಕಲಿಕೆಯ ಟಿಪ್ಪಣಿಗೆ. ಇಷ್ಟೇ ಪುಸ್ತಕ. ಇದರಲ್ಲಿ ಎನ್ ಪಾಸಾಂ ಸಂಖ್ಯೆಯನ್ನು ಬೆರೆಸಬೇಕಾದದ್ದು ಆ ಕಾಲಾಳನ್ನು ಹಾಗೆ ಹೊಡೆಯಲು ಪಕ್ಕದಲ್ಲಿ ಎದುರಾಳಿಯ ಕಾಲಾಳು ಇದ್ದಾಗ ಮಾತ್ರ. ನಾನು ಎರಡು ಮನೆ ನಡೆದಾಗಲೆಲ್ಲ ಬೆರೆಸಿದ್ದೆ. ಸಂಖ್ಯೆ ತಪ್ಪಿತು, ಪುಸ್ತಕದಲ್ಲಿ ಆ ಪುಟವೇ ಇಲ್ಲವಾಯಿತು.

ಅದನ್ನು ಸರಿ ಮಾಡಿದ ಮೇಲೆ ಇನ್ನೊಂದು ಬಂತು. ಪಾಲಿಗ್ಲಾಟ್‌ನಲ್ಲಿ ಕ್ಯಾಸ್ಲಿಂಗನ್ನು ರಾಜ ತನ್ನದೇ ಆನೆಯ ಮನೆಗೆ ಹೋದಂತೆ ಬರೆದಿರುತ್ತಾರೆ. ನನ್ನ ಪ್ರೋಗ್ರಾಮ್ ಅದನ್ನು ಅಕ್ಷರಶಃ ನಂಬಿ, ಗಂಭೀರವಾಗಿ ರಾಜನನ್ನು ಎತ್ತಿ ಆನೆಯ ತಲೆಯ ಮೇಲೆ ಇಡಲು ಹೊರಟಿತು. ನಿಯಮಬಾಹಿರ ನಡೆ, ಆಟ ಸೋಲು. ಆವತ್ತು ನಗು ಬರಲಿಲ್ಲ ಬಿಡಿ.

ಈ ಎರಡು ಕತೆಗಳನ್ನು ಮೊದಲೇ ಹೇಳಿದ್ದಕ್ಕೆ ಕಾರಣವಿದೆ. ‘ಕಂಪ್ಯೂಟರಿಗೆ ಓಪನಿಂಗ್ ಥಿಯರಿ ಕಲಿಸುವುದು’ ಎನ್ನುತ್ತೇವಲ್ಲ, ಆ ‘ಕಲಿಸುವುದು’ ಎಂಬ ಪದವೇ ದಾರಿ ತಪ್ಪಿಸುತ್ತದೆ. ಅಲ್ಲಿ ನಡೆಯುವುದು ಗಿಳಿಪಾಠ. ಗಿಳಿಗಾದರೂ ದನಿ ಇರುತ್ತದೆ. ಇಲ್ಲಿ ಒಂದು ಸಂಖ್ಯೆಗೆ ಇನ್ನೊಂದು ಸಂಖ್ಯೆ. ನಮ್ಮಲ್ಲಿ ‘ಪುಸ್ತಕದ ಬದನೆಕಾಯಿ’ ಅಂತ ಒಂದು ಮಾತಿದೆ. ಚೆಸ್ ಎಂಜಿನ್‌ಗಳ ಓಪನಿಂಗ್ ಬುಕ್ಕಿಗೆ ಅದಕ್ಕಿಂತ ಒಳ್ಳೆಯ ಹೆಸರು ನನಗೆ ಗೊತ್ತಿಲ್ಲ.

ಹಾಗಾದರೆ ಆ ಬದನೆಕಾಯಿ ಯಾಕೆ ಬೇಕಾಯಿತು? ಆರಂಭದ ಸ್ಥಿತಿಯಲ್ಲಿ ಬಿಳಿಗೆ 20 ನಡೆ. ಕಪ್ಪು ಉತ್ತರಿಸಿದ ಮೇಲೆ 400 ಸಾಧ್ಯತೆ. ಮುಂದಿನ ಎರಡು ಅರೆನಡೆಗಳಲ್ಲಿ (ಒಬ್ಬರ ಒಂದು ಸರದಿ ಒಂದು ಅರೆನಡೆ) 8,902, ಆಮೇಲೆ 1,97,281. ಆರನೇ ಅರೆನಡೆಗೆ ಹನ್ನೊಂದು ಕೋಟಿ ತೊಂಬತ್ತು ಲಕ್ಷ ದಾಟುತ್ತದೆ. ಬೇಡದ ಕೊಂಬೆಗಳನ್ನು ಕತ್ತರಿಸಿದರೂ ಹಳೆಯ ಯಂತ್ರಗಳಿಗೆ ಐದಾರು ಅರೆನಡೆಯಾಚೆ ನೋಡುವುದು ಕಷ್ಟವಿತ್ತು. ಆದರೆ ಓಪನಿಂಗ್‌ನಲ್ಲಿ ಮಾಡಿದ ತಪ್ಪಿಗೆ ಬಿಲ್ ಬರುವುದು ಅದಕ್ಕಿಂತ ತಡವಾಗಿ.

ನೋಹನ ನಾವೆ ಎಂಬ ಹಳೆಯ ಬಲೆಯನ್ನೇ ನೋಡಿ. ಸ್ಪ್ಯಾನಿಷ್ ಓಪನಿಂಗ್: ಇಬ್ಬರೂ ರಾಜನ ಕಾಲಾಳನ್ನು ಎರಡು ಮನೆ ನಡೆಸುತ್ತಾರೆ, ಕುದುರೆಗಳು ಎಫ್3 ಮತ್ತು ಸಿ6ಕ್ಕೆ, ಬಿಳಿಯ ಒಂಟೆ ಬಿ5ಕ್ಕೆ. ಕಪ್ಪು ಎ6 ಆಡಿ ಒಂಟೆಯನ್ನು ಕೆಣಕುತ್ತದೆ, ಅದು ಎ4ಕ್ಕೆ ಸರಿಯುತ್ತದೆ. ಕಪ್ಪು ಡಿ6, ಬಿಳಿ ಡಿ4, ಕಪ್ಪು ಬಿ5, ಒಂಟೆ ಬಿ3ಕ್ಕೆ. ಈಗ ಕಪ್ಪು ಕುದುರೆ ಡಿ4ರ ಕಾಲಾಳನ್ನು ಹೊಡೆಯುತ್ತದೆ, ಬಿಳಿಯ ಕುದುರೆ ಆ ಕುದುರೆಯನ್ನು, ಕಪ್ಪಿನ ಕಾಲಾಳು ಮತ್ತೆ ಈ ಕುದುರೆಯನ್ನು. ಬಿಳಿಯ ರಾಣಿ ಡಿ4ರ ಕಾಲಾಳನ್ನು ಹೊಡೆದರೆ ಲೆಕ್ಕ ಚುಕ್ತಾ, ಅಲ್ಲವೇ? ಇಲ್ಲೇ ಸಿಕ್ಕಿಬೀಳುವುದು. ಕಪ್ಪು ಸಿ5 ಆಡಿ ರಾಣಿಯನ್ನು ಓಡಿಸುತ್ತದೆ. ರಾಣಿ ಡಿ5ಕ್ಕೆ ಬಂದು ಎಫ್7ರಲ್ಲಿ ಮೇಟ್ ಬೆದರಿಕೆ ಹಾಕುತ್ತದೆ. ಕಪ್ಪಿನ ಒಂಟೆ ಇ6ಕ್ಕೆ ಬಂದು ತಡೆಯುತ್ತದೆ. ರಾಣಿ ಸಿ6ರಿಂದ ಚೆಕ್, ಒಂಟೆ ಡಿ7ಕ್ಕೆ ಅಡ್ಡ. ರಾಣಿ ಮತ್ತೆ ಡಿ5. ಕಪ್ಪು ಕಾಲಾಳು ಸಿ4ಕ್ಕೆ. ಬಿ3ರ ಒಂಟೆಗೆ ಹೋಗಲು ಜಾಗವೇ ಇಲ್ಲ. ಒಂದೆರಡು ಕಾಲಾಳು ಕಿತ್ತುಕೊಂಡು ಒಂಟೆಯನ್ನು ಬಿಟ್ಟುಕೊಡಬೇಕು.

ಎಣಿಸಿ ನೋಡಿ. ರಾಣಿ ಕಾಲಾಳನ್ನು ಹೊಡೆದದ್ದರಿಂದ ಹಿಡಿದು ಒಂಟೆ ನಿಜಕ್ಕೂ ಬೋರ್ಡಿನಿಂದ ಇಳಿಯುವ ತನಕ ಹತ್ತು ಅರೆನಡೆ. ಆರು ಅರೆನಡೆ ನೋಡುವ ಯಂತ್ರಕ್ಕೆ ಇದು ಬಿಟ್ಟಿ ಕಾಲಾಳು. ಇನ್ನೂ ಸ್ವಾರಸ್ಯವೆಂದರೆ ಆ ನಡುವಿನ ಬೆದರಿಕೆ ಮತ್ತು ಚೆಕ್. ಅವು ಒಂಟೆಯನ್ನು ಉಳಿಸುವುದಿಲ್ಲ, ಸಾವನ್ನು ಮುಂದೂಡುತ್ತವೆ, ಅಷ್ಟೇ. ಆದರೆ ಯಂತ್ರಕ್ಕೆ ಮುಂದೂಡಿದ್ದೆಲ್ಲ ಇಲ್ಲವಾದಂತೆಯೇ. ಇದಕ್ಕೆ ದಿಗಂತದ ದೋಷ ಎಂದು ಹೆಸರಿಟ್ಟವರು ಹ್ಯಾನ್ಸ್ ಬರ್ಲಿನರ್. ಮನುಷ್ಯರು ಈ ಬಲೆಯಲ್ಲಿ ತಲೆಮಾರುಗಳ ಕಾಲ ಬಿದ್ದೆದ್ದು ‘ಅಲ್ಲಿ ರಾಣಿಯಿಂದ ಹೊಡೆಯಬೇಡ’ ಎಂದು ಬರೆದಿಟ್ಟಿದ್ದಾರೆ. ಆ ಒಂದು ಸಾಲನ್ನು ಎರವಲು ಪಡೆದರೆ ಯಂತ್ರದ ನಾಲ್ಕು ಅರೆನಡೆಯ ಕುರುಡು ಮುಚ್ಚಿಹೋಗುತ್ತದೆ.

ಗಣಿತಜ್ಞ ಕ್ಲಾಡ್ ಶಾನನ್ ಚೆಸ್ ಆಡುವ ಯಂತ್ರದ ಬಗ್ಗೆ ಬರೆದ 1950ರ ಲೇಖನದಲ್ಲೇ ಇದನ್ನು ಮುಟ್ಟಿದ್ದರು. ಮಾಸ್ಟರುಗಳು ಆರಂಭದ ನಡೆಗಳನ್ನು ನೆನಪಿನಿಂದ ಆಡುತ್ತಾರೆ, ಯಂತ್ರಕ್ಕೂ ಪ್ರಚಲಿತ ಓಪನಿಂಗ್‌ಗಳನ್ನು ಕೊಡಬಹುದು ಎಂದರು. ಜೊತೆಗೆ ಆಯ್ಕೆಯಲ್ಲಿ ಒಂದಿಷ್ಟು ಯಾದೃಚ್ಛಿಕತೆ ಇರಬೇಕು, ಇಲ್ಲದಿದ್ದರೆ ಒಮ್ಮೆ ಗೆದ್ದವನು ಅದೇ ನಡೆಗಳನ್ನು ಮತ್ತೆ ಆಡಿ ಪ್ರತಿ ಸಲವೂ ಗೆಲ್ಲುತ್ತಾನೆ ಎಂಬುದನ್ನೂ ಕಂಡಿದ್ದರು. ಯುನಿಕ್ಸ್ ಖ್ಯಾತಿಯ ಕೆನ್ ಥಾಂಪ್ಸನ್ ತಮ್ಮ ಬೆಲ್ ಯಂತ್ರಕ್ಕಾಗಿ ಓಪನಿಂಗ್ ವಿಶ್ವಕೋಶದ ಸಂಪುಟಗಳನ್ನು ಎದುರಿಗಿಟ್ಟುಕೊಂಡು, ದಿನಕ್ಕೊಂದು ಗಂಟೆಯಂತೆ ವರ್ಷಗಟ್ಟಲೆ ಕೈಯಾರೆ ಟೈಪ್ ಮಾಡಿದರು. ಎ00ರಿಂದ ಇ99ರವರೆಗೆ ಐನೂರು ವಿಭಾಗಗಳ ವಿಶ್ವಕೋಶ ಅದು! ಕೊನೆಗೆ ಆ ಪುಟಗಳನ್ನು ಓದುವ ಕೆಲಸವನ್ನೂ ಯಂತ್ರಕ್ಕೇ ಒಪ್ಪಿಸಿದರು. ಬೆಲ್ 1980ರಲ್ಲಿ ಕಂಪ್ಯೂಟರ್ ಚೆಸ್ ವಿಶ್ವ ಚಾಂಪಿಯನ್ ಆಯಿತು.

ಇಷ್ಟರವರೆಗೆ ಎಲ್ಲ ಚೆನ್ನ. ತೊಂದರೆ ಶುರುವಾಗುವುದು ಪುಸ್ತಕ ಮುಗಿದ ಮರುನಡೆಯಲ್ಲಿ.

ನನ್ನ ಪ್ರೋಗ್ರಾಮ್ ಒಮ್ಮೆ ಕಪ್ಪು ಕಾಯಿಯಲ್ಲಿ ಕಿಂಗ್ಸ್ ಇಂಡಿಯನ್ ಎಂಬ ಓಪನಿಂಗ್ ಆಡಿತು. ಮಧ್ಯಭಾಗ ಮುಚ್ಚಿಹೋಗಿದೆ, ಬಿಳಿಯವನು ಬೋರ್ಡಿನ ರಾಣಿಯ ಬದಿಯಲ್ಲಿ ನುಗ್ಗುತ್ತಾನೆ, ಕಪ್ಪಿನವನು ರಾಜನ ಬದಿಯಲ್ಲಿ ನುಗ್ಗಬೇಕು. ಅದಕ್ಕಾಗಿ ಎಫ್6ರ ಕುದುರೆಯನ್ನು ಡಿ7ಕ್ಕೆ ಹಿಂದೆಗೆದು, ಎಫ್ ಸಾಲಿನ ಕಾಲಾಳಿಗೆ ದಾರಿ ಬಿಡುತ್ತಾರೆ. ಪುಸ್ತಕ ಡಿ7 ಅಂದಿತು, ಪ್ರೋಗ್ರಾಮ್ ಆಡಿತು. ಅಲ್ಲಿಗೆ ಪುಸ್ತಕ ಖಾಲಿ. ಮುಂದಿನ ನಡೆಗೆ ಪ್ರೋಗ್ರಾಮ್ ತನ್ನ ಅಂಕಪಟ್ಟಿ ತೆಗೆದು ನೋಡಿತು: ‘ಛೇ, ಈ ಕುದುರೆ ಯಾಕೆ ಇಷ್ಟು ಹಿಂದಿದೆ? ಎಫ್6ರಲ್ಲಿ ಇದ್ದರೆ ಮಧ್ಯಭಾಗದ ಮೇಲೆ ಕಣ್ಣಿರುತ್ತದೆ.’ ಕುದುರೆ ವಾಪಸ್ ಎಫ್6ಕ್ಕೆ ಹೋಯಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಗ್ಯಾಂಬಿಟ್‌ಗಳಲ್ಲಿ, ಅಂದರೆ ಮುಂದಿನ ಲಾಭಕ್ಕಾಗಿ ಕಾಯಿ ಬಿಟ್ಟುಕೊಡುವ ಓಪನಿಂಗ್‌ಗಳಲ್ಲಿ, ಇದು ಇನ್ನೂ ಘೋರ. ಪುಸ್ತಕ ಉದಾರವಾಗಿ ಕಾಲಾಳು ದಾನ ಮಾಡಿರುತ್ತದೆ. ಪುಸ್ತಕ ಮುಗಿದ ಕೂಡಲೇ ಎಂಜಿನ್ ಎಚ್ಚೆತ್ತು, ‘ನನ್ನ ಕಾಲಾಳು ಎಲ್ಲಿ?’ ಎಂದು ರಾಣಿಯನ್ನು ಕರೆದುಕೊಂಡು ಹುಡುಕಲು ಹೊರಡುತ್ತದೆ.

ಪುಸ್ತಕ ಬರೆದ ಮನುಷ್ಯನಿಗೆ ಗೊತ್ತಿದ್ದದ್ದು ನಡೆ ಮಾತ್ರವಲ್ಲ, ನಡೆಯ ಕಾರಣ. ಹದಿನಾರು ಬೈಟಿನಲ್ಲಿ ಕಾರಣಕ್ಕೆ ಜಾಗವಿಲ್ಲ. ಹಾಗಾಗಿ ವೃತ್ತಿಪರ ಬುಕ್ ತಯಾರಕರು, ಉದಾಹರಣೆಗೆ ರೆಬೆಲ್ ಮತ್ತು ರಿಬ್ಕಾ ಎಂಜಿನ್‌ಗಳಿಗೆ ಪುಸ್ತಕ ಕಟ್ಟಿದ ಜೆರೋನ್ ನೂಮೆನ್ ಅವರಂಥವರು, ಓಪನಿಂಗ್ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿ ಸುಮ್ಮನಾಗುವಂತಿರಲಿಲ್ಲ. ‘ಈ ಎಂಜಿನ್ನಿಗೆ ಇದು ಒಗ್ಗುತ್ತದೆಯೇ?’ ಎಂದೂ ನೋಡಬೇಕಿತ್ತು. ತೆರೆದ ಬೋರ್ಡಿನಲ್ಲಿ ಹುಲಿಯಾಗುವ ಎಂಜಿನ್ನನ್ನು ಮುಚ್ಚಿದ ಸ್ಥಿತಿಗೆ ಕರೆದೊಯ್ದು ಕೂರಿಸುವ ಪುಸ್ತಕ ಎಷ್ಟೇ ವಿದ್ವತ್ಪೂರ್ಣವಾಗಿದ್ದರೂ ಶತ್ರುವೇ. ಎದುರಾಳಿಗಳಿಗೂ ಇದು ಗೊತ್ತಿತ್ತು. 1997ರ ಪಂದ್ಯದ ಮೂರನೇ ಆಟದಲ್ಲಿ ಗ್ಯಾರಿ ಕಾಸ್ಪರೋವ್ ಐಬಿಎಂ ಕಂಪನಿಯ ಚೆಸ್ ಯಂತ್ರ ಡೀಪ್ ಬ್ಲೂ ಎದುರು ಮೊದಲ ನಡೆಯಾಗಿ ಡಿ3 ಆಡಿದರು. ವಿಶ್ವ ಚಾಂಪಿಯನ್ ಆಡುವ ನಡೆಯಲ್ಲ ಅದು. ಪುಸ್ತಕವನ್ನು ಮುಚ್ಚಿಸಲು ಆಡಿದ ನಡೆ. ಆಟ ಡ್ರಾ ಆಯಿತು.

ಡೀಪ್ ಬ್ಲೂ ಮಾತು ಬಂತಲ್ಲ, ಅಲ್ಲಿ ಸ್ವಲ್ಪ ನಿಲ್ಲೋಣ. ಮನುಷ್ಯರ ಥಿಯರಿಯನ್ನು ಯಂತ್ರ ಬಳಸಿಕೊಂಡ ಎರಡು ಬೇರೆ ಬೇರೆ ರೀತಿಗಳು ಒಂದೇ ಯಂತ್ರದಲ್ಲಿದ್ದವು. ಒಂದು, ಕೈಯಿಂದ ಕಟ್ಟಿದ ಸಣ್ಣ ಪುಸ್ತಕ: ಸುಮಾರು 4,000 ಸ್ಥಿತಿಗಳು. ಮುಖ್ಯವಾಗಿ ಗ್ರ್ಯಾಂಡ್‌ಮಾಸ್ಟರ್ ಜೋಯಲ್ ಬೆಂಜಮಿನ್ ಕಟ್ಟಿದ್ದು. ನಿಕ್ ಡಿ ಫರ್ಮಿಯನ್, ಜಾನ್ ಫೆಡರೋವಿಚ್, ಮಿಗೆಲ್ ಇಯೆಸ್ಕಾಸ್ ಕೈಜೋಡಿಸಿದ್ದರು.

ಆ ಪುಸ್ತಕ ಏನು ಮಾಡಿತು ಎಂಬುದು 1997ರ ಮೇ 11ರಂದು, ಆರನೇ ಹಾಗೂ ಕೊನೆಯ ಆಟದಲ್ಲಿ ಕಂಡಿತು. ಕಾಸ್ಪರೋವ್ ಕಪ್ಪು, ಕಾರೊ-ಕಾನ್ ರಕ್ಷಣೆ. ಬಿಳಿಯ ಒಂದು ಕುದುರೆ ಜಿ5ರಲ್ಲಿ ಮೂತಿ ಚಾಚಿ ಕೂತಿದೆ. ಏಳನೇ ನಡೆಗೆ ಕಾಸ್ಪರೋವ್ ಎಚ್6 ಆಡಿ ‘ಏಳು, ಹೋಗು’ ಎಂದರು. ಕುದುರೆ ಹಿಂದೆ ಹೋಗಲಿಲ್ಲ; ಇ6ರ ಕಾಲಾಳನ್ನು ಹೊಡೆದು ಅಲ್ಲೇ ಕೂತಿತು. ಒಂದು ಕಾಲಾಳಿಗೆ ಒಂದು ಕುದುರೆ ಬಲಿ. ಲಾಭ ಏನೆಂದರೆ ಕಪ್ಪು ರಾಜನಿಗೆ ಮನೆಯಿಲ್ಲದಂತಾಗುವುದು. ಆ ಕಾಲದ ಎಂಜಿನ್ ತನ್ನ ಲೆಕ್ಕದಿಂದ ಇಂಥ ಬಲಿ ಕೊಡುವುದಿಲ್ಲ ಎಂಬ ನಂಬಿಕೆಯ ಮೇಲೆಯೇ ಕಾಸ್ಪರೋವ್ ಎಚ್6 ಆಡಿದರು ಎಂಬ ವ್ಯಾಖ್ಯಾನ ಆಗಿನಿಂದಲೂ ಇದೆ. ಅದು ಲೆಕ್ಕದಿಂದ ಕೊಟ್ಟದ್ದೂ ಅಲ್ಲ. ಪುಸ್ತಕದಲ್ಲಿತ್ತು. ಅದೇ ದಿನ ಬೆಳಿಗ್ಗೆ ಸೇರಿಸಿದ್ದೆವು ಎಂದು ಇಯೆಸ್ಕಾಸ್ ಎಷ್ಟೋ ವರ್ಷಗಳ ಬಳಿಕ ಸಂದರ್ಶನವೊಂದರಲ್ಲಿ ಹೇಳಿದರು. ಹತ್ತೊಂಬತ್ತನೇ ನಡೆಗೆ ಆಟ ಮುಗಿಯಿತು, ಪಂದ್ಯ 3.5–2.5.

ಯಂತ್ರ ಮನುಷ್ಯನನ್ನು ಸೋಲಿಸಿತು ಎಂದು ಲೋಕವೆಲ್ಲ ಬರೆದ ಆಟದ ನಿರ್ಣಾಯಕ ನಡೆ ಮನುಷ್ಯರದ್ದು. ಇದನ್ನು ಹೇಳಿದರೆ ಕೆಲವರಿಗೆ ಮೋಸ ಅನ್ನಿಸುತ್ತದೆ. ನನಗೆ ಹಾಗನ್ನಿಸುವುದಿಲ್ಲ, ಕಾಸ್ಪರೋವ್ ಕೂಡ ಕಾರೊ-ಕಾನ್ ಸಿದ್ಧಾಂತವನ್ನು ಸ್ವಂತವಾಗಿ ಹುಟ್ಟಿಸಿದವರಲ್ಲ.

ಎರಡನೆಯ ರೀತಿ ಇದಕ್ಕಿಂತ ಸೂಕ್ಷ್ಮ, ನನ್ನ ಮಟ್ಟಿಗೆ ಹೆಚ್ಚು ಜಾಣತನದ್ದು. ಅದಕ್ಕೆ ವಿಸ್ತೃತ ಪುಸ್ತಕ ಎಂದು ಕರೆದರು. ಗ್ರ್ಯಾಂಡ್‌ಮಾಸ್ಟರುಗಳ ಏಳು ಲಕ್ಷ ಆಟಗಳನ್ನು ಜರಡಿ ಹಿಡಿದು, ಒಂದು ಸ್ಥಿತಿಯಲ್ಲಿ ಯಾವ ನಡೆಯನ್ನು ಎಷ್ಟು ಸಲ ಆಡಿದ್ದಾರೆ, ಆಡಿದವರು ಎಷ್ಟು ಬಲಶಾಲಿಗಳು, ಇತ್ತೀಚೆಗೆ ಆಡಿದ್ದೋ ಹಳೆಯದೋ, ಫಲಿತಾಂಶ ಏನು, ವಿಮರ್ಶಕರು ಆಶ್ಚರ್ಯಚಿಹ್ನೆ ಹಾಕಿದ್ದಾರೋ ಪ್ರಶ್ನಾರ್ಥಕವೋ ಎಂಬುದನ್ನೆಲ್ಲ ಕೂಡಿಸಿ ಪ್ರತಿ ನಡೆಗೂ ಒಂದಿಷ್ಟು ಕೃಪಾಂಕ ಕೊಟ್ಟರು. ‘ಇದನ್ನೇ ಆಡು’ ಎಂಬ ಅಪ್ಪಣೆ ಇಲ್ಲ. ಯಂತ್ರ ತನ್ನ ಹುಡುಕಾಟ ತಾನು ಮಾಡುತ್ತದೆ. ಅದಕ್ಕೆ ಇನ್ನೊಂದು ನಡೆ ಸಾಕಷ್ಟು ಮೇಲು ಎನ್ನಿಸಿದರೆ ಹಿರಿಯರ ಮಾತು ಮೀರಬಹುದು. ಎರಡೂ ಹತ್ತಿರ ಹತ್ತಿರ ಇದ್ದರೆ ಹಿರಿಯರ ಮಾತು ಗೆಲ್ಲುತ್ತದೆ. ಪುಸ್ತಕ ಮುಗಿಯುವ ಗಡಿ ಮಸುಕಾಗಿ, ಆ ಎತ್ತು-ಕೋಣದ ಜಗಳ ಎಷ್ಟೋ ಕಡಿಮೆಯಾಗುತ್ತದೆ.

ಅಂಕಿಸಂಖ್ಯೆಗೆ ಅದರದ್ದೇ ಕುರುಡು ಇದೆ, ಅದನ್ನೂ ಹೇಳಬೇಕು. ಒಂದು ನಡೆಯನ್ನು ನೂರು ಜನ ಆಡಿ ಎಪ್ಪತ್ತು ಜನ ಗೆದ್ದಿದ್ದಾರೆ ಅಂದುಕೊಳ್ಳಿ. ನೂರಾ ಒಂದನೇ ಆಟದಲ್ಲಿ ಯಾರೋ ಅದಕ್ಕೆ ಸರಿಯಾದ ಮದ್ದು ಕಂಡುಹಿಡಿದರು. ಆಮೇಲೆ ಆ ನಡೆಯನ್ನು ತಿಳಿದವರು ಯಾರೂ ಆಡಲಿಲ್ಲ. ಹಾಗಾಗಿ ದಾಖಲೆಯಲ್ಲಿ ಅದು ಎಂದೆಂದಿಗೂ ಶೇಕಡಾ ಎಪ್ಪತ್ತರ ವಿಜೇತ! ಸತ್ತ ನಡೆ ಅಂಕಿಯಲ್ಲಿ ಅಮರ. ಎಣಿಕೆಯಿಂದ ಪುಸ್ತಕ ಕಟ್ಟಿದ ಎಂಜಿನ್‌ಗಳು ಹೀಗೆ ಬಿದ್ದದ್ದುಂಟು. ಇನ್ನೊಂದು ಕಡೆ, ಒಳ್ಳೆಯ ಆಟಗಾರರು ಆಡುವುದರಿಂದಲೇ ಕೆಲವು ನಡೆಗಳ ಅಂಕಿ ಒಳ್ಳೆಯದಿರುತ್ತದೆ. ಗುಣ ಆಟಗಾರನದ್ದು, ಹೆಸರು ಓಪನಿಂಗಿಗೆ.

ಆನ್‌ಲೈನ್‌ನಲ್ಲಿ ಹಗಲಿರುಳು ಆಡುತ್ತಿದ್ದ ಕ್ರಾಫ್ಟಿ ಎಂಜಿನ್ನಿನ ಕರ್ತೃ ರಾಬರ್ಟ್ ಹಯಾಟ್ ಶಾನನ್ ಭಯಪಟ್ಟ ಸಮಸ್ಯೆಗೆ ಬೇರೆ ದಾರಿ ಹಿಡಿದರು. ಪುಸ್ತಕದಿಂದ ಹೊರಬಂದ ಮೇಲಿನ ಮೊದಲ ಕೆಲವು ನಡೆಗಳಲ್ಲಿ ಎಂಜಿನ್ನಿಗೆ ತನ್ನ ಸ್ಥಿತಿ ಹೇಗೆ ಕಾಣುತ್ತಿದೆ ಎಂದು ನೋಡಿ, ಆ ಅಭಿಪ್ರಾಯವನ್ನು ತಿರುಗಿ ಪುಸ್ತಕಕ್ಕೇ ಬರೆಯುವುದು. ಕೆಟ್ಟ ಗಲ್ಲಿಗೆ ತಂದು ಬಿಟ್ಟ ಪುಟದ ತೂಕ ಇಳಿಯುತ್ತದೆ, ಮುಂದಿನ ಸಲ ಆ ಕಡೆ ಹೆಜ್ಜೆ ಹಾಕುವುದಿಲ್ಲ. ಓದಿದ ಪುಸ್ತಕದ ಅಂಚಿನಲ್ಲಿ ಪೆನ್ಸಿಲ್‌ನಿಂದ ಗೀಚಿದ ಹಾಗೆ.

ಮುಂದಿನದ್ದು ನಿಮಗೆ ಗೊತ್ತು. 2017ರ ಡಿಸೆಂಬರ್‌ನಲ್ಲಿ ಡೀಪ್‌ಮೈಂಡ್ ಕಂಪನಿಯ ಆಲ್ಫಾಝೀರೋ ಎಂಬ ಪ್ರೋಗ್ರಾಮ್ ಬಂತು. ನಿಯಮ ಬಿಟ್ಟು ಬೇರೇನೂ ಹೇಳಿಕೊಡಲಿಲ್ಲ, ಮನುಷ್ಯರ ಒಂದು ಆಟವನ್ನೂ ತೋರಿಸಲಿಲ್ಲ; ತನ್ನೊಂದಿಗೆ ತಾನೇ ಆಡಿ ಕಲಿಯಿತು. ಮೊದಲ ನೂರು ಆಟಗಳಲ್ಲಿ ಆಗಿನ ಬಲಾಢ್ಯ ಎಂಜಿನ್ ಸ್ಟಾಕ್‌ಫಿಶ್ 8ರ ಎದುರು 28 ಗೆಲುವು, 72 ಡ್ರಾ, ಸೋಲೇ ಇಲ್ಲ. ಸ್ಟಾಕ್‌ಫಿಶ್‌ಗೆ ಓಪನಿಂಗ್ ಬುಕ್ ಕೊಟ್ಟಿರಲಿಲ್ಲ ಎಂಬುದು ಆಗ ದೊಡ್ಡ ತಕರಾರಾಯಿತು. ಮರುವರ್ಷ ಪ್ರಕಟವಾದ ಪೂರ್ಣ ಲೇಖನದಲ್ಲಿ ಪುಸ್ತಕ ಕೊಟ್ಟು ಆಡಿಸಿದ ಆಟಗಳನ್ನೂ ಸೇರಿಸಿದರು. ಆಲ್ಫಾಝೀರೋ ಆಗಲೂ ಮುಂದೆಯೇ ಇತ್ತು.

ನನಗೆ ಆ ಲೇಖನದಲ್ಲಿ ಅಂಕಪಟ್ಟಿಗಿಂತ ಹೆಚ್ಚು ಹಿಡಿಸಿದ್ದು ಒಂದು ಚಿತ್ರ. ಮನುಷ್ಯರು ಅತಿ ಹೆಚ್ಚು ಆಡುವ ಹನ್ನೆರಡು ಓಪನಿಂಗ್‌ಗಳನ್ನು ಇಟ್ಟುಕೊಂಡು, ಕಲಿಯುವ ಹೊತ್ತಿನಲ್ಲಿ ಆಲ್ಫಾಝೀರೋ ಯಾವುದನ್ನು ಯಾವಾಗ ಎಷ್ಟು ಆಡಿತು ಎಂದು ಗೆರೆ ಎಳೆದಿದ್ದಾರೆ. ಹನ್ನೆರಡನ್ನೂ ಅದು ತಾನೇ ಕಂಡುಕೊಂಡಿತ್ತು. ಫ್ರೆಂಚ್ ರಕ್ಷಣೆಯನ್ನು ಸ್ವಲ್ಪ ಕಾಲ ಆಡಿ ಕೈಬಿಟ್ಟಿತು. ಮನುಷ್ಯರು ತಲೆಮಾರುಗಟ್ಟಲೆ ನಡೆದು ಸವೆಸಿದ ಕಾಲುದಾರಿಯನ್ನು ನಕ್ಷೆಯಿಲ್ಲದೆ ಬಂದವನೂ ಹಿಡಿದ ಎಂದಮೇಲೆ, ಆ ದಾರಿ ಬರೀ ಅಭ್ಯಾಸಬಲದ್ದಾಗಿರಲಿಲ್ಲ.

ಈಗ ಸ್ಟಾಕ್‌ಫಿಶ್ ಒಳಗೇ ನರಜಾಲ (ಉದಾಹರಣೆಗಳಿಂದ ಕಲಿಯುವ ನ್ಯೂರಲ್ ನೆಟ್‌ವರ್ಕ್) ಕೂತಿದೆ, ಪುಸ್ತಕ ಓದುವ ಭಾಗವನ್ನು ಅದರಿಂದ ತೆಗೆದೇಹಾಕಿದ್ದಾರೆ. ಹಾಗಾದರೆ ಮನುಷ್ಯರ ಥಿಯರಿಗೆ ಎಂಜಿನ್ ಲೋಕದಲ್ಲಿ ಕೆಲಸ ಮುಗಿಯಿತೇ? ಮುಗಿಯಲಿಲ್ಲ, ಕೆಲಸ ಬದಲಾಯಿತು. ಉತ್ತರ ಹೇಳಿಕೊಡುತ್ತಿದ್ದದ್ದು ಈಗ ಪ್ರಶ್ನೆಪತ್ರಿಕೆ ತಯಾರಿಸುತ್ತಿದೆ.

ವಿಷಯ ಹೀಗಿದೆ. ಬಲಾಢ್ಯ ಎಂಜಿನ್ ಎರಡನ್ನು ಆರಂಭದ ಸ್ಥಿತಿಯಿಂದ ಆಡಲು ಬಿಟ್ಟರೆ ಡ್ರಾ, ಡ್ರಾ, ಮತ್ತೆ ಡ್ರಾ. ಯಾವುದು ಮೇಲು ಎಂದು ತಿಳಿಯುವುದೇ ಇಲ್ಲ. ಹಿಂದೆ ಗ್ರ್ಯಾಂಡ್‌ಮಾಸ್ಟರ್ ಜಾನ್ ನನ್ ಹತ್ತು ಸಮತೂಕದ ಸ್ಥಿತಿಗಳನ್ನು ಆರಿಸಿ ಕೊಟ್ಟಿದ್ದರು, ಪುಸ್ತಕದ ಹಂಗಿಲ್ಲದೆ ಎಂಜಿನ್‌ಗಳನ್ನು ಹೋಲಿಸಲಿ ಎಂದು. ಈಗ ಸಮತೂಕವೇ ಶಾಪವಾಗಿದೆ. ಟಿಸಿಇಸಿ ಎಂಬ ಎಂಜಿನ್ ಚಾಂಪಿಯನ್‌ಷಿಪ್‌ನಲ್ಲಿ ಓಪನಿಂಗನ್ನು ಆಯೋಜಕರೇ ಹೇರುತ್ತಾರೆ. ಅದೇ ಓಪನಿಂಗನ್ನು ಎರಡು ಸಲ, ಬಣ್ಣ ಅದಲುಬದಲು ಮಾಡಿ ಆಡಿಸುತ್ತಾರೆ. ಎಂಜಿನ್‌ಗಳು ತಾವಾಗಿ ಮೂಸಿಯೂ ನೋಡದ, ಒಂದು ಕಡೆಗೆ ವಾಲಿದ ಓಪನಿಂಗ್‌ಗಳು. ಬಿಳಿಯಾಗಿ ಗೆದ್ದು, ಕಪ್ಪಾಗಿ ಡ್ರಾ ಮಾಡಿಕೊಂಡವನು ಮೇಲು. ಓಪನಿಂಗ್ ಆರಿಸುವ ಆ ಕೆಲಸ ಮಾಡಿದವರಲ್ಲಿ, ಆಗಲೇ ಹೆಸರು ಹೇಳಿದ, ಪುಸ್ತಕ ಕಟ್ಟುತ್ತಿದ್ದ ನೂಮೆನ್ ಕೂಡ ಒಬ್ಬರು.

ಸ್ಟಾಕ್‌ಫಿಶ್‌ನ ಕೋಡಿಗೆ ಮಾಡುವ ಬದಲಾವಣೆಗಳನ್ನು ಪರೀಕ್ಷಿಸಲು ಬಳಸುವ ಸಂಗ್ರಹವೊಂದರ ಹೆಸರೇ ‘ಅಸಮತೋಲದ ಮಾನವ ಓಪನಿಂಗ್‌ಗಳು’ ಎಂಬರ್ಥದ್ದು. ಮನುಷ್ಯರ ಆಟಗಳಿಂದ, ಬಿಳಿಯ ಕೈ ಸ್ಪಷ್ಟವಾಗಿ ಮೇಲಾಗಿರುವ ಸ್ಥಿತಿಗಳನ್ನೇ ಹೆಕ್ಕಿ ಮಾಡಿದ್ದು. ಎಂಜಿನ್ ತನ್ನ ಪಾಡಿಗೆ ಆಡಿದರೆ ಅಂಥ ಕಡೆ ಹೋಗುವುದೇ ಇಲ್ಲ. ಹೋಗುವವರು ನಾವು. ನಮ್ಮ ಹಟ, ನಮ್ಮ ಫ್ಯಾಶನ್, ನಮ್ಮ ಅರ್ಧಂಬರ್ಧ ತಿಳಿವಳಿಕೆಯಿಂದ ಹುಟ್ಟಿದ ವಾಲಿದ ಸ್ಥಿತಿಗಳ ಮೇಲೆ ನಿಂತು ಜಗತ್ತಿನ ಅತಿ ಬಲಿಷ್ಠ ಎಂಜಿನ್ ತನ್ನನ್ನು ತಾನು ತಿದ್ದಿಕೊಳ್ಳುತ್ತಿದೆ. ನಾನು ಆಡುವ ಕಿಂಗ್ಸ್ ಇಂಡಿಯನ್ ಬಗ್ಗೆ ಎಂಜಿನ್ ಮುಖ ಸಿಂಡರಿಸಿದಾಗಲೆಲ್ಲ ಇದನ್ನು ನೆನೆದು ಸಮಾಧಾನಪಟ್ಟುಕೊಳ್ಳುತ್ತೇನೆ.

ಮಾತು ಮುಗಿದ ಮೇಲೆ ಒಬ್ಬರು ಕೇಳಿದರು: ‘ನಾನೂ ಒಂದು ಎಂಜಿನ್ ಬರೆಯುತ್ತಿದ್ದೇನೆ, ಪುಸ್ತಕ ಜೋಡಿಸಲೇ?’ ಜೋಡಿಸಿ, ಆದರೆ ತಡವಾಗಿ. ಮೊದಲೇ ಜೋಡಿಸಿದರೆ ಎಂಜಿನ್ನಿನ ದಡ್ಡತನವೆಲ್ಲ ಹತ್ತು ನಡೆಗಳ ಕಾಲ ಮರೆಯಲ್ಲಿ ಕೂರುತ್ತದೆ; ಅದು ಎರಡನೇ ನಡೆಗೇ ರಾಣಿಯನ್ನು ಹೊರಗೆ ಓಡಿಸುತ್ತದೆ ಎಂಬುದು ನಿಮಗೆ ಗೊತ್ತೇ ಆಗುವುದಿಲ್ಲ. ಬರಿಗೈಯಲ್ಲಿ ಆಡಿಸಿ, ಅದರ ಕುದುರೆ, ಒಂಟೆಗಳು ತಾವಾಗಿ ಹೊರಬಂದು ರಾಜ ತಾನಾಗಿ ಕ್ಯಾಸ್ಲಿಂಗ್ ಮಾಡುವವರೆಗೆ ಕಾಯಿರಿ. ಆಮೇಲೆ ಚಿಕ್ಕದೊಂದು ಪುಸ್ತಕ, ಎಂಟು ನಡೆಗಿಂತ ಉದ್ದ ಬೇಡ. ಮೊದಲ ದಿನವೇ ನಾಲ್ಕು ಸಲ ಕಾಲಾಳನ್ನು ಎರಡೆರಡು ಮನೆ ನಡೆಸಿ ನೋಡಿ, ಆಮೇಲೆ ಒಂದು ಸಲ ಕ್ಯಾಸ್ಲಿಂಗ್.